ಕೂತ ಹೆಣಕ್ಕೊಂದು ಕೋವಿ

ಕಲ್ಲುಪ್ಪು, ವಿಭೂತಿ, ಹಸಿಮಣ್ಣು ಸೇರಿದ ವಾಸನೆ ಮೂಗಿಗೆ ಬಡಿದರೆ ನನಗೆ ದೇವರು ನೆನಪಾಗುವುದಿಲ್ಲ, ಚಿಕ್ಕಪ್ಪ ನೆನಪಾಗುತ್ತಾನೆ. ಮೊನ್ನೆ ಪಂಚನಹಳ್ಳಿಯಲ್ಲಿ ಮೇಷ್ಟ್ರೊಬ್ಬರ ಮಣ್ಣಿಗೆ ಹೋಗಿದ್ದೆ. ನಮ್ಮವರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಮೇಷ್ಟ್ರನ್ನು ಗುಂಡಿಯಲ್ಲಿ ಕೂರಿಸಿ ಸುತ್ತ ಉಪ್ಪು ಸುರಿಯುತ್ತಿದ್ದರು. ಅಂಥ ಹೊತ್ತಲ್ಲೂ ನೆನಪಿಗೆ ಬಂದು ವಕ್ಕರಿಸಿದ, ದರಿದ್ರದವನು.

ಎಪ್ಪತ್ತರ ದಶಕದ ಕೊನೆಯಲ್ಲಿ ಚಿಕ್ಕಪ್ಪ ಮಿಲಿಟರಿ ಬಿಟ್ಟು ಅಜ್ಜಂಪುರದ ನಮ್ಮ ಮನೆಗೆ ಬಂದ. ಮಿಲಿಟರಿಯಲ್ಲಿ ಅವನು ಕಡಿದು ಕಟ್ಟೆ ಹಾಕಿದ್ದು ಗೋಧಿ ಮೂಟೆ ಕಾಯುವ ಕೆಲಸ. ಗತ್ತು ಮಾತ್ರ ಜನರಲ್‌ನದು. ಯಾವುದೋ ಇಂಗ್ಲಿಷ್ ಸಿನಿಮಾದಲ್ಲಿ ಹೆಣಗಳು ಎದ್ದು ಊರ ಮೇಲೆ ಬರುವುದನ್ನು ನೋಡಿದ್ದನಂತೆ. ನಮ್ಮ ದೇಶಕ್ಕೂ ಆ ಗತಿ ಬರುತ್ತದೆ, ಅದಕ್ಕೊಂದು ರೈಫಲ್ ಬೇಕು, ಸರ್ಕಾರ ತನ್ನನ್ನೇ ಹುಡುಕಿಕೊಂಡು ಬರುತ್ತದೆ ಎಂದು ಕೂತ. ಬಡಗಿಯ ಪ್ರಾಣ ತಿಂದು ಮರದ ಮಾದರಿಯೊಂದನ್ನು ಮಾಡಿಸಿದ. ಮಲಗಿಸಿದ ಹೆಣಕ್ಕಿಂತ ಕೂರಿಸಿದ ಹೆಣ ಬೇಗ ಏಳುತ್ತದೆ, ಮೊದಲು ತಲೆಯೇ ಹೊರಗೆ ಬರುತ್ತದೆ, ಆದ್ದರಿಂದ ನಳಿಗೆ ಮೊಣಕಾಲಿನ ಮಟ್ಟಕ್ಕೆ ಬಾಗಿರಬೇಕು... ಇದು ಅವನ ಸಂಶೋಧನೆ! ತೋಟಾದಲ್ಲಿ ಸೀಸದ ಬದಲು ಕಲ್ಲುಪ್ಪು, ವಿಭೂತಿ. “ಸತ್ತೋನಿಗೆ ಸೀಸ ಹೊಡುದ್ರೆ ಇನ್ನೇನ್ ಸಾಯ್ತಾನೆ?” ಅನ್ನುತ್ತಿದ್ದ. ನಾವೆಲ್ಲ ನಗುತ್ತಿದ್ದೆವು.

ಆಗ ನನ್ನನ್ನು ನೋಡಲು ಪಂಚನಹಳ್ಳಿಯಿಂದ ಗಂಡಿನವರು ಬಂದರು. ಹುಡುಗ ಈ ಮೇಷ್ಟ್ರೇ. ಕಾಫಿ ಲೋಟ ತೆಗೆದುಕೊಳ್ಳುವಾಗ, ಬಿಸಿಯಿದೆಯಲ್ಲ, ಕೈ ಸುಟ್ಟುಕೊಂಡಿರೇನೋ ಎಂದು ಮೆಲ್ಲಗೆ ಕೇಳಿದರು. ನನಗೆ ಅಷ್ಟೇ ಸಾಕಾಯಿತು. ಇವರನ್ನು ಬಿಟ್ಟು ಬೇರೆಯವರನ್ನು ಆಗುವುದಿಲ್ಲ ಎಂದು ಒಳಗೆ ಹೋಗಿ ಅವ್ವನಿಗೆ ಹೇಳಿಯೂ ಬಿಟ್ಟೆ.

ಹೊರಗೆ, ಗೋಡೆಗೆ ಒರಗಿಸಿದ್ದ ಆ ಮರದ ಕೋವಿ ಏನೆಂದು ಹುಡುಗನ ತಂದೆ ಮಾತಿಗೆ ಕೇಳಿದ್ದಾರೆ. ಚಿಕ್ಕಪ್ಪನಿಗೆ ಅಷ್ಟೇ ಬೇಕಿತ್ತು. ಅವರ ಮನೆಯ ಹಿರಿಯಜ್ಜಿಯನ್ನು ಮಣ್ಣು ಮಾಡಿ ಇನ್ನೂ ವರ್ಷವಾಗಿರಲಿಲ್ಲ. ಚಿಕ್ಕಪ್ಪ ಕೋವಿಯನ್ನು ಸೊಂಟಕ್ಕೆ ಆನಿಸಿ, ಚಾಪೆಯ ಮೇಲಿದ್ದ ಹುಡುಗನ ತಾಯಿಯ ಹಣೆಗೆ ಗುರಿಯಿಟ್ಟ.

“ಈಗ ಈಯಮ್ಮ ಕೂತವ್ರಲ್ಲ, ನಿಮ್ಮಜ್ಜಿನೂ ಹಿಂಗೇ ಕೂತವ್ರೆ. ಎದ್ರು ಅನ್ನಿ, ಮೊದ್ಲು ಬರೋದು ತಲೆ. ಅಲ್ಲಿಗೇ ಹೊಡೀಬೇಕು.”

ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಮೇಷ್ಟ್ರು ಹೊಸ್ತಿಲಲ್ಲಿ ನನ್ನ ಕಡೆ ತಿರುಗಿದರು, ಏನೋ ಹೇಳಬೇಕೆಂದಿದ್ದರು... ತಾಯಿ ಕೈ ಹಿಡಿದು ಎಳೆದುಕೊಂಡು ಹೋದರು. ಚಿಕ್ಕಪ್ಪ ಆ ತಟ್ಟೆಗಳನ್ನೇ ಒಂದೊಂದಾಗಿ ಖಾಲಿ ಮಾಡುತ್ತಾ, “ಪುಕ್ಕಲು ಮನೆತನ ಕಣೇ, ತಪ್ತು ಬಿಡು” ಅಂದ. ಅವನ ಬಾಯಿಗೆ ಮಣ್ಣು ಹಾಕ!

ನನ್ನ ಮದುವೆ ಬೀರೂರಿನವರ ಜೊತೆ ಆಯಿತು. ಕೆಟ್ಟವರಲ್ಲ. ಒಂದು ದಿನವೂ ನನ್ನ ಕೈ ಸುಟ್ಟಿತೇ ಎಂದು ಕೇಳಿದವರಲ್ಲ. ಕೆಲವು ವರ್ಷಗಳ ಮೇಲೆ ಚಿಕ್ಕಪ್ಪ ಸತ್ತಾಗ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ, ಅಳು ಬರಲಿಲ್ಲ. ಈಗಲೂ ಅವನ ಮೇಲೆ ಮರುಕವಿಲ್ಲ.

ಮೊನ್ನೆ ಮೇಷ್ಟ್ರ ಭುಜದವರೆಗೂ ಮಣ್ಣು ಬಂದಿತ್ತು. ತಲೆಯೊಂದೇ ಕಾಣುತ್ತಿತ್ತು. ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದ್ದರು. ನಾನು ಮುಚ್ಚಲಿಲ್ಲ. ಆ ಅವಿವೇಕಿ ಹೇಳಿದ್ದು ಇದೊಂದು ಸಲ ನಿಜವಾಗಲಿ ಎಂದು, ಕೊನೆಯ ಬುಟ್ಟಿ ಮಣ್ಣು ಬೀಳುವ ತನಕ ನೋಡುತ್ತಲೇ ನಿಂತಿದ್ದೆ.