ಅಮ್ಮ ನುಂಗದ ಮೂರು ಮಾತ್ರೆ

ಆಗಸ್ಟ್ ಹನ್ನೆರಡು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ನಮ್ಮ ಎಸ್ಟೇಟಿನ ಆಳುಗಳು ಸಾಲಾಗಿ ವಾಸಿಸುವ ಲೈನ್‌ಮನೆಗಳಲ್ಲಿ ಅರ್ಧ ಮುಗಿದ ಮಾತ್ರೆಪಟ್ಟಿಯನ್ನು ಯಾರೂ ಎಸೆಯುವುದಿಲ್ಲ. ಒಬ್ಬರಿಗೆ ಉಳಿದದ್ದು ಇನ್ನೊಬ್ಬರ ಮನೆಗೆ ಹೋಗುತ್ತದೆ, ಒಂದು ಹಿಡಿ ಉಪ್ಪು ಹೋದ ಹಾಗೆ. ಇದನ್ನು ನಾನು ಒಳ್ಳೆಯ ಗುಣವೆಂದೇ ತಿಳಿದಿದ್ದೆ.

ಕಳೆ ಹೊಡೆಯುವಾಗ ಅಮ್ಮನ ಪಾದಕ್ಕೆ ಕತ್ತಿ ತಗುಲಿ, ಕೆಂಪು ಹರಡಿ, ಹಿಮ್ಮಡಿಯವರೆಗೆ ಬಾತಿತ್ತು. ಬಣಕಲ್‌ನ ಡಾಕ್ಟರು ಅಮಾಕ್ಸಿಸಿಲಿನ್ ಇರುವ ಇಪ್ಪತ್ತೊಂದು ಮಾತ್ರೆ ಬರೆದರು: ಎಂಟು ಗಂಟೆಗೊಂದು, ಏಳು ದಿನ. ಆಫೀಸಿನಲ್ಲಿ ಆಳುಗಳ ಹಾಜರಿ ಬರೆಯುವ ನಾನು ಡೈರಿಯಲ್ಲಿ ಇಪ್ಪತ್ತೊಂದು ಚೌಕ ಎಳೆದು, ಹೊತ್ತುಹೊತ್ತಿಗೆ "ತಗೊಂಡ್ಯಾ?" ಎಂದು ಕೇಳಿ ಗುರುತು ಹಾಕಿದೆ. ಐದನೆಯ ಬೆಳಿಗ್ಗೆ ಹನ್ನೆರಡು ಗುರುತುಗಳಿದ್ದವು, ಮಾತ್ರೆಪಟ್ಟಿಯೇ ಇರಲಿಲ್ಲ.

"ಕೆಂಪು ಇಳೀತಲ್ಲ ಮಾರಾಯ್ತಿ. ಲಲಿತಂಗೆ ಶೀತ ಅಂತ ಉಳಿದಿದ್ದೆಲ್ಲ ಮೊನ್ನೆ ರಾತ್ರಿನೇ ಕೊಟ್ಟೆ. ನಿಂಗೆ ಗುರುತು ಹಾಕೋ ಆಸೆ, ಅದ್ಕೇ ನಿನ್ನೆ ಮೂರು ಸಲಾನೂ ಹೂಂ ಅಂದೆ," ಎಂದಳು ಅಮ್ಮ.

ಪಕ್ಕದ ಮನೆಯ ಲಲಿತಕ್ಕ ಬಾಗಿಲಲ್ಲೇ ಸೀನಿದಳು. "ಮೂರು ನುಂಗಿದೀನಿ ಕಣೆ. ನಿಮ್ಮಮ್ಮನ ಕಾಲಿನ ಮಾತ್ರೆಗೆ ಮೂಗಿನ ದಾರಿ ಗೊತ್ತಿಲ್ಲ!"

ನಿಜಕ್ಕೂ ಗೊತ್ತಿಲ್ಲ. ಬ್ಯಾಕ್ಟೀರಿಯಾ ಬೆಳೆಯುವಾಗ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಈ ಮಾತ್ರೆ ಆ ಗೋಡೆ ಹೆಣೆಯುವ ಮೇಸ್ತ್ರಿಯ ಕೈ ಹಿಡಿದುಬಿಡುತ್ತದೆ, ಹೆಣಿಗೆ ಸಡಿಲವಾಗಿ, ಒಳಗೆ ನೀರು ನುಗ್ಗಿ, ಅದು ಒಡೆದುಹೋಗುತ್ತದೆ. ನಮ್ಮ ಜೀವಕೋಶಕ್ಕೆ ಅಂಥ ಗೋಡೆಯಿಲ್ಲ, ಆದ್ದರಿಂದ ಅಮ್ಮ ಕ್ಷೇಮ. ಶೀತ ತರುವ ವೈರಸ್ಸಿಗೂ ಇಲ್ಲ, ಆದ್ದರಿಂದ ಲಲಿತಕ್ಕನ ಶೀತವೂ ಕ್ಷೇಮ. ಆದರೆ ಮಾತ್ರೆ ತಪ್ಪಿದರೆ ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಮತ್ತೆ ಗೋಡೆ ಕಟ್ಟಲು ತೊಡಗುತ್ತವೆ. ಕೆಲವಂತೂ ಮಾತ್ರೆಯನ್ನೇ ತುಂಡರಿಸುವ ರಸ ಸ್ರವಿಸುತ್ತವಂತೆ. ಹಾಜರಾಗದ ಆಳಿಗೆ ಹಾಜರಿ ಹಾಕಿದರೆ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ನನ್ನನ್ನು ಬಿಡುತ್ತಿರಲಿಲ್ಲ. ನುಂಗದ ಮೂರು ಮಾತ್ರೆಗೆ ನಾನೇ ಹಾಜರಿ ಹಾಕಿದ್ದೆ.

ಅಂದು ಸಂಜೆಗೆ ಕೆಂಪು ಮತ್ತೆ ಏರಿತು. ಬಣಕಲ್‌ಗೆ ಹೋಗುವ ಬಸ್ಸಿನಲ್ಲಿ ಅಮ್ಮ ನನ್ನ ಭುಜಕ್ಕೆ ಒರಗಿ, "ಬೈಬೇಡ, ಡಾಕ್ಟ್ರೇ ಬೈತಾರೆ," ಎಂದಳು. ಅವರು ಬೈಯಲಿಲ್ಲ; ಬಾವನ್ನು ಒತ್ತಿ ನೋಡಿ, ಬೇರೆ ಮಾತ್ರೆ ಬರೆದು, "ಎರಡು ದಿನ ನೋಡೋಣ, ಇಳೀದಿದ್ರೆ ಅಡ್ಮಿಟ್," ಎಂದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಯಿತು.

ಇಂದಿಗೆ ಎರಡು ದಿನ. ಈಗ ಅಮ್ಮ ನುಂಗಿ, ಬಾಯಿ ತೆರೆದು ತೋರಿಸಿದ ಮೇಲೆಯೇ ಗುರುತು. ಜ್ವರವಿಲ್ಲ, ಕೆಂಪು ಏರಿಲ್ಲ, ಇಳಿದೂ ಇಲ್ಲ. ಮತ್ತೆ ಡಾಕ್ಟರಿಗೆ ತೋರಿಸಲು ಎಂಟು ಗಂಟೆಯ ಬಸ್ಸಿಗೆ ಹೊರಡುತ್ತೇವೆ. ಅಡ್ಮಿಟ್ ಮಾಡಿದರೆ ಇರಲಿ ಎಂದು ಬಟ್ಟೆಬರೆಯ ಚೀಲವನ್ನು ಅಮ್ಮನಿಗೆ ಕಾಣದಂತೆ ಕಟ್ಟಿಟ್ಟಿದ್ದೇನೆ. ಮಾತ್ರೆ ತಪ್ಪಿದ ಆ ಬಿಡುವಿನಲ್ಲಿ ಬ್ಯಾಕ್ಟೀರಿಯಾಗಳು ಎಷ್ಟು ಗೋಡೆ ಕಟ್ಟಿಕೊಂಡಿರಬಹುದು? ಬಲ್ಲವರಿದ್ದರೆ ಬರೆಯಿರಿ, ಲೆಕ್ಕ ನನಗೆ ತಿಳಿಯುತ್ತಿಲ್ಲ.