ಒಂದೇ ಡಬ್ಬಿಯಲ್ಲಿ ಎರಡು ವರ್ಷ

ಶನಿವಾರ ಬೆಳಿಗ್ಗೆ ವಿಜಯಪುರದಿಂದ ಸೋಲಾಪುರದ ಬಸ್ಸು ಹತ್ತಿದೆ. ಫೆಬ್ರುವರಿ ಇನ್ನೂ ಮುಗಿದಿರಲಿಲ್ಲ, ಆದರೂ ಕಿಟಕಿಯ ಕಂಬಿ ಮುಟ್ಟಲಾಗದಷ್ಟು ಕಾಯ್ದಿತ್ತು. ಹೆಚ್ಚು ಕಡಿಮೆ ನೂರು ಕಿಲೋಮೀಟರು ದಾರಿ. ಝಳಕಿ ದಾಟಿ, ಧೂಳಖೇಡದ ಮುಂದೆ ಭೀಮೆಯ ಸೇತುವೆ ಬಂದಾಗ ಪಕ್ಕದ ಅಜ್ಜಿ ಕೈ ಮುಗಿದು ಒಂದು ನಾಣ್ಯವನ್ನು ಹೊಳೆಗೆ ಎಸೆದಳು. ನೀರು ಬಹಳ ಕೆಳಗಿತ್ತು.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ನಾವು ಕೆಲವು ಗೆಳತಿಯರು ವರ್ಷಕ್ಕೊಮ್ಮೆ ಹಣ ಕೂಡಿಸಿ, ಗಡಿಯಾಚೆ ಪದವಿ ಓದುತ್ತಿರುವ ಬಡಮನೆಯ ಕನ್ನಡದ ಮಕ್ಕಳಿಗೆ ಕೊಡುತ್ತೇವೆ. ಕೊಟ್ಟ ಮೇಲೆ ಅವರ ಮನೆಗೆ ಹೋಗಿ ಬರುವುದು ಶಾಂತಕ್ಕನ ಕೆಲಸ. ಈ ಸಲ ಶಾಂತಕ್ಕನಿಗೆ ಮೊಣಕಾಲಿನ ಆಪರೇಶನ್ ಆಗಿತ್ತು. ಹೀಗಾಗಿ ನಾನು ಹೊರಟಿದ್ದೆ. ನೋಡಬೇಕಾಗಿದ್ದವಳು ಮಾಯಕ್ಕ ಎಂಬ ಹುಡುಗಿ. ಅಕ್ಕಲಕೋಟ ತಾಲೂಕಿನ ನಾಗಣಸೂರದವಳು, ಕುರಿ ಕಾಯುವವರ ಮನೆಯ ಮಗಳು, ಸೋಲಾಪುರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ.

ಮಾಯಕ್ಕ ಸೋಲಾಪುರದ ವಿಜಾಪುರ ರಸ್ತೆಯ ಒಂದು ಗಲ್ಲಿಯಲ್ಲಿ ಬಾಡಿಗೆ ಖೋಲಿಯಲ್ಲಿದ್ದಳು. ಬಸ್ಸಿನಿಂದ ಇಳಿದ ನನ್ನನ್ನು ಕರೆದುಕೊಂಡು ಹೋಗಲು ತಾನೇ ರಸ್ತೆಗೆ ಬಂದಿದ್ದಳು. ತೆಳ್ಳಗಿನ ಹುಡುಗಿ, ನಗು ಮಾತ್ರ ಅಗಲ. ಖೋಲಿ ಚೊಕ್ಕಟವಾಗಿತ್ತು. ಎರಡು ಮಂಚ, ಒಂದು ಟೇಬಲ್ಲು, ಗೋಡೆಗೆ ಕುರಿ ಕಾಯುವವರ ದೇವರು ಬೀರೋಬನ ಪಟ.

"ಇನ್ನೊಂದು ಮಂಚ ಯಾರದು?"

"ನಮ್ಮ ಊರಿನ ಗೆಳತೀದ್ರಿ ಮೇಡಂ. ಸುವರ್ಣಾ ಅಂತ. ಲೈಬ್ರರಿಗೆ ಹೋಗ್ಯಾಳ."

"ಊಟ?"

"ಮೆಸ್ಸಿನ ಡಬ್ಬಾ ಬರ್ತದ್ರಿ. ಮಸ್ತ್ ಇರ್ತದ. ಒಮ್ಮೊಮ್ಮೆ ಉಳೀತದ ನೋಡ್ರಿ."

ನನಗೆ ಸಮಾಧಾನವಾಯಿತು. ಮರುದಿನ ಭಾನುವಾರ ಅವಳು ಊರಿಗೆ ಹೋಗುವವಳಿದ್ದಳು. ಮನೆ ನೋಡಲು ನಾನೂ ಬರುತ್ತೇನೆ, ಮಧ್ಯಾಹ್ನ ಎರಡಕ್ಕೆ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಸಿಗೋಣ ಎಂದೆ. ಆ ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದೆ. ಅವರು ಶೇಂಗಾ ಚಟ್ನಿ, ಖಡಕ್ ರೊಟ್ಟಿ ಬಡಿಸಿದರು.

ಅಕ್ಕಲಕೋಟ ಸೋಲಾಪುರದಿಂದ ಒಂದು ತಾಸಿನ ದಾರಿ. ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ಟು. ನಾನು ಬೇಗ ಹೊರಟಿದ್ದರಿಂದ ಹನ್ನೊಂದಕ್ಕೆಲ್ಲ ಊರು ಮುಟ್ಟಿದೆ. ಭಾನುವಾರದ ಜಂಗುಳಿ. ಪುಣೆ, ಮುಂಬಯಿಯ ಕಾರುಗಳು, ಹೂವಿನ ಅಂಗಡಿಗಳು, ಪೇಢೆಯ ತಟ್ಟೆಗಳು. ಗುಡಿಯಲ್ಲಿ ಸ್ವಾಮಿಗಳ ದರ್ಶನ ಮುಗಿಸಿ, ಎಲ್ಲ ಭಕ್ತರಂತೆ ನಾನೂ ಅನ್ನಛತ್ರದ ಸಾಲಿನಲ್ಲಿ ನಿಂತೆ. ಒಳಗೆ ದೊಡ್ಡ ಹಾಲು. ಚಪಾತಿ, ಪಲ್ಯ, ಅನ್ನ, ಸಾರು, ಒಂದು ಚಮಚ ಶಿರಾ. ಕೇಳಿದಷ್ಟು ಬಡಿಸುತ್ತಾರೆ.

ಎರಡನೇ ಚಪಾತಿ ಮುರಿಯುತ್ತ ತಲೆ ಎತ್ತಿದೆ. ಎದುರು ಸಾಲಿನಲ್ಲಿ ಮಾಯಕ್ಕ ಕೂತಿದ್ದಳು.

ನಾನು ಕರೆಯಬೇಕೆಂದು ಬಾಯಿ ತೆರೆದವಳು ಆಕೆ ತಿನ್ನುತ್ತಿದ್ದ ರೀತಿ ನೋಡಿ ಕರೆಯಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಹುಡುಗಿ. ಇಬ್ಬರೂ ತಲೆ ಬಗ್ಗಿಸಿದ್ದರು, ಒಬ್ಬರಿಗೊಬ್ಬರು ಮಾತಿಲ್ಲ. ಬಡಿಸುವವನು ಬಂದಾಗಲೆಲ್ಲ ಕಣ್ಣು ಮೇಲೆತ್ತದೆ ತಟ್ಟೆಯನ್ನಷ್ಟೇ ಮುಂದೆ ಸರಿಸುತ್ತಿದ್ದರು. ಅನ್ನವನ್ನು ಅಗಿಯದೆ ನುಂಗುತ್ತಿದ್ದರು. ಮೂವತ್ತು ವರ್ಷ ಹುಡುಗಿಯರ ನಡುವೆಯೇ ಕೆಲಸ ಮಾಡಿದವಳು ನಾನು. ಹಸಿವು ಹೀಗೆ ಎದುರಿಗೆ ಕೂತದ್ದನ್ನು ನೋಡಿರಲಿಲ್ಲ. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಹೊರಗೆ ನಲ್ಲಿಯ ಹತ್ತಿರ ಅವರಿಗಾಗಿ ಕಾದೆ. ನನ್ನನ್ನು ಕಂಡೊಡನೆ ಮಾಯಕ್ಕನ ಮುಖ ಬಿಳುಚಿತು.

"ಮೇಡಂ, ನೀವ್ ಎರಡಕ್ಕ ಬರಾವ್ರಿದ್ರಲ್ರಿ..."

"ಡಬ್ಬಿ ಉಳಿಯುತ್ತದೆ ಎಂದೆಯಲ್ಲ?"

ಜೊತೆಯ ಹುಡುಗಿ ಮುಂದೆ ಬಂದಳು. "ನಾ ಸುವರ್ಣಾ ರಿ. ಆ ಡಬ್ಬಾದಾಗ ಅರ್ಧಾ ನಾ ಉಣತೀನ್ರಿ. ಎರಡ ವರ್ಷ ಆತು."

ಬೇವಿನ ಮರದ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದರು. ಸುವರ್ಣಾಳೂ ನಾಗಣಸೂರದವಳೇ. ಎರಡು ವರ್ಷದ ಹಿಂದೆ ಅವಳೂ ನಮ್ಮ ಸಹಾಯ ಕೇಳಿದ್ದಳು. ಅವಳ ತಂದೆಗೆ ಹೊಲ ಬಹಳ ಇದೆ ಎಂದು ನಮ್ಮವರು ಇಲ್ಲವೆಂದಿದ್ದರು. ತಂದೆಯೋ, ಹೆಣ್ಣುಮಗಳಿಗೆ ಇಷ್ಟು ಸಾಲಿ ಸಾಕು ಎಂದು ಕೈ ಕಟ್ಟಿ ಕೂತಿದ್ದರು. ಆಗ ಮಾಯಕ್ಕ, ನನಗೆ ಬರುವುದರಲ್ಲೇ ಇಬ್ಬರೂ ಕಲಿಯೋಣ ಎಂದಳಂತೆ. ಖೋಲಿ, ಫೀ, ಪುಸ್ತಕ, ಎಲ್ಲವೂ ಅದರಲ್ಲೇ. ಒಬ್ಬರಿಗೆ ಅಳೆದು ಕೊಟ್ಟಿದ್ದರಲ್ಲಿ ಇಬ್ಬರ ಫೀ ಹೋದ ಮೇಲೆ ಉಳಿಯುತ್ತಿದ್ದುದು ಒಂದು ಡಬ್ಬಿ.

"ಊರಿಗೆ ಹೋಗುವ ದಿನ ಇಲ್ಲಿ ಯಾಕೆ ಊಟ? ಮನೆಯಲ್ಲಿ ಅಮ್ಮ ಇರುತ್ತಾಳಲ್ಲ?"

"ಅದಕ್ಕಽ ರಿ," ಎಂದಳು ಮಾಯಕ್ಕ. "ಮನ್ಯಾಗ ಹಿಂಗ ಉಂಡ್ರ ಅವ್ವಗ ತಿಳೀತದ. ಇಲ್ಲಿ ಹೊಟ್ಟಿ ತುಂಬ ಉಂಡು ಹೋದ್ರ ಅಲ್ಲಿ ಎರಡ ರೊಟ್ಟಿ ತಿಂದು ಸಾಕು ಅನಬೌದು."

ಸುವರ್ಣಾ ನನ್ನ ಕೈ ಹಿಡಿದುಕೊಂಡಳು. "ನಮ್ಮ ಅಪ್ಪಗ ಹೇಳಬ್ಯಾಡ್ರಿ ಮೇಡಂ. ಸ್ಕಾಲರ್‌ಶಿಪ್ ಸಿಕ್ಕದ ಅಂತ ಹೇಳೀನಿ. ಪರೀಕ್ಷಾ ಒಂದು ಆಗ್ಲಿ."

ಮೂವರೂ ನಾಗಣಸೂರದ ಬಸ್ಸು ಹತ್ತಿದೆವು. ತೊಗರಿ ಕೊಯ್ದ ಹೊಲಗಳು, ನಡುವೆ ಅಲ್ಲೊಂದು ಇಲ್ಲೊಂದು ಕಬ್ಬಿನ ಹಸಿರು. ಮಾಯಕ್ಕನ ಮನೆ ಊರಿನ ತುದಿಗೆ. ತಂದೆ ಕುರಿ ಹೊಡೆದುಕೊಂಡು ಭೀಮೆಯ ಕಡೆ ಹೋಗಿದ್ದ. ತಾಯಿ ಬಾಳವ್ವ ಕಂಬಳಿ ಹಾಸಿ ಕೂರಿಸಿದಳು. ಮಗಳ ಎರಡು ರೊಟ್ಟಿಯ ಊಟ ನೋಡಿ, "ಸೋಲಾಪುರದ ಊಟಾ ರುಚಿ ಹತ್ತಿದ್ ಮ್ಯಾಲ ನನ್ ರೊಟ್ಟಿ ಸೇರೂದಿಲ್ರಿ ಇಕಿಗಿ" ಎಂದು ನಕ್ಕಳು.

ಸಂಜೆ ಸುವರ್ಣಾಳ ಮನೆಯಿಂದ ಚಹಾಕ್ಕೆ ಕರೆ ಬಂತು. ಹೋಗಿ ನೋಡಿದರೆ ಅಂಗಳದಲ್ಲಿ ಟ್ರ್ಯಾಕ್ಟರು, ಹೊಸ ಟೈಲ್ಸ್ ಹಾಕಿದ ಪಡಸಾಲೆ, ಗೋಡೆಗೆ ಒರಗಿಸಿದ ಜೋಳದ ಚೀಲಗಳು. ನಮ್ಮ ಗೆಳತಿಯರು ಇಲ್ಲವೆಂದದ್ದಕ್ಕೆ ಕಾರಣವಿತ್ತು. ಈ ಮನೆಯ ಮಗಳೇ ಆ ಮಧ್ಯಾಹ್ನ ಅನ್ನವನ್ನು ಅಗಿಯದೆ ನುಂಗುತ್ತಿದ್ದಳು ಎಂಬುದು ಕಣ್ಣಾರೆ ಕಂಡಿದ್ದರೂ ನಂಬಲಾಗಲಿಲ್ಲ.

ತಂದೆ ಶಿವಶರಣಪ್ಪ ಎದ್ದು ನಿಂತು ಬರಮಾಡಿಕೊಂಡರು. ಒಳಗಿನ ಬಾಗಿಲಲ್ಲಿ ತಾಯಿ ಕಸ್ತೂರಬಾಯಿ ಸೆರಗು ಹೊದ್ದು ನಿಂತಿದ್ದರು.

"ನನ್ನ ಮಗಳು ಒಂದು ಪೈಸಾ ಕೇಳಿಲ್ರಿ ನನಗ," ಎಂದರು ಶಿವಶರಣಪ್ಪ, ನೆರೆಯವರಿಗೂ ಕೇಳುವಂತೆ. "ಹುಷಾರಿ ಅದಾಳ, ಸ್ಕಾಲರ್‌ಶಿಪ್ ಹೊಡದಾಳ. ನಿಮ್ಮ ಸಂಸ್ಥಾದ್ದೇನ್ರಿ ಅದು? ನಿಮ್ಮ ಉಪಕಾರ ದೊಡ್ಡದು." ಎರಡೂ ಕೈ ಜೋಡಿಸಿ ನನಗೆ ನಮಸ್ಕರಿಸಿದರು.

ಆ ನಮಸ್ಕಾರವನ್ನು ತೆಗೆದುಕೊಳ್ಳುವುದು ಹೇಗೆ? ನಾನು ಚಹಾದ ಕಪ್ಪನ್ನೇ ನೋಡುತ್ತಿದ್ದೆ. ಹಿಂದಿನಿಂದ ಸುವರ್ಣಾಳ ಧ್ವನಿ ಬಂತು.

"ಅವರು ನನಗ ಕೊಟ್ಟಿಲ್ರಿ ಅಪ್ಪಾ. ಮಾಯಕ್ಕಗ ಕೊಟ್ಟಾರ. ನಾ ಅಕೀದ್ರಾಗ ಉಂಡೀನಿ, ಅಕೀದ್ರಾಗ ಓದೀನಿ."

ಶಿವಶರಣಪ್ಪನವರ ಜೋಡಿಸಿದ ಕೈ ಹಾಗೆಯೇ ಇತ್ತು. ನಿಧಾನವಾಗಿ ಬಿಚ್ಚಿದರು.

"ಕುರಿ ಕಾಯೋರ ಡಬ್ಬಾದಾಗ? ನನ್ನ ಮನ್ಯಾಗ ಚೀಲಗಟ್ಲೆ ಜ್ವಾಳ ಇಟಗೊಂಡು?"

"ನೀವ್ ಇಟಗೊಂಡೀರಿ. ನನಗ ಕೊಟ್ಟಿಲ್ಲ."

"ನಿನ್ನ ಸೋಲಾಪುರ ಬಂದ್," ಎಂದರು ಅವರು. ಕೂಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಒಳಬಾಗಿಲಿನತ್ತ ನೋಡಿದೆ. ಕಸ್ತೂರಬಾಯಿ ಅಲ್ಲಿರಲಿಲ್ಲ.

ಬಾಳವ್ವನಿಗೆ ವಿಷಯ ನನಗಿಂತ ಮುಂಚೆ ಮುಟ್ಟಿತ್ತು. ಮಗಳನ್ನು ಮುಂದೆ ಕೂರಿಸಿಕೊಂಡು, ತೋಳು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ಎಲುವು ಹತ್ತತಾವ. ನನಗ್ಯಾಕ ಹೇಳಲಿಲ್ಲ? ಇಬ್ಬರಿಗೂ ರೊಟ್ಟಿ ಕಟ್ಟಿ ಕಳಸ್ತಿದ್ದೆಲ್ಲ ನಾ." ಬೈಯಲಿಲ್ಲ. ಅದನ್ನೇ ಮತ್ತೆ ಮತ್ತೆ ಕೇಳಿದಳು.

ಆ ರಾತ್ರಿ ಅಲ್ಲೇ ಉಳಿದು, ಸೋಮವಾರ ಮೊದಲ ಬಸ್ಸಿಗೆ ಮಾಯಕ್ಕ, ನಾನು ಇಬ್ಬರೇ ಬಂದು ನಿಂತೆವು. ಸುವರ್ಣಾ ಬರುವುದಿಲ್ಲ ಎಂದುಕೊಂಡಿದ್ದೆ. ಬಸ್ಸು ಬಂದು ತಿರುಗುತ್ತಿರುವಾಗ ಗಲ್ಲಿಯಿಂದ ಅವಳು ಬಂದಳು. ಹಿಂದೆ ಕಸ್ತೂರಬಾಯಿ. ಕಂಕುಳಲ್ಲಿ ಸೀಮೆಎಣ್ಣೆ ಸ್ಟೋವು, ತಲೆಯ ಮೇಲೆ ಹಿಟ್ಟಿನ ಚೀಲ, ಕೈಯಲ್ಲಿ ರೊಟ್ಟಿ ಬಡಿಯುವ ಪರಾತ.

"ಕಳಿಸಲು ಬಂದಿರಾ ಅಕ್ಕಾ?"

"ಕಳಸಾಕಲ್ರಿ, ನಾನೂ ಬರಾಕತ್ತೀನಿ," ಎಂದರು. ನಾನು ಅವರ ಧ್ವನಿ ಕೇಳಿದ್ದು ಆಗಲೇ. "ಪರೀಕ್ಷಾ ಆಗೂತನಕ ಅಲ್ಲೇ ಇರ್ತೀನಿ. ಇಬ್ಬರಿಗೂ ನಾ ಬಡೀತೀನಿ ರೊಟ್ಟಿ."

"ಯಜಮಾನರು?"

"ಹೇಳೇ ಬಂದೀನ್ರಿ. ಹೊಲಕ್ಕ ಆಳ ಹಚ್ಚೀರಿ, ಅಡಗಿಗೂ ಹಚ್ಚಕೊಳ್ರಿ ಅಂದೆ."

ಸುವರ್ಣಾ ತಾಯಿಯ ಮುಖವನ್ನು ಯಾರೋ ಹೊಸಬರನ್ನು ನೋಡುವಂತೆ ನೋಡುತ್ತಿದ್ದಳು. ಮದುವೆಯಾದ ಮೇಲೆ ತವರು ಮತ್ತು ಅಕ್ಕಲಕೋಟದ ಗುಡಿ ಬಿಟ್ಟರೆ ಕಸ್ತೂರಬಾಯಿ ಒಬ್ಬರೇ ಎಲ್ಲಿಗೂ ಹೋದವರಲ್ಲ ಎಂದು ಅವಳು ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು.

ವಿಜಾಪುರ ರಸ್ತೆಯ ಖೋಲಿಯಲ್ಲಿ ಮನೆಯ ಮಾಲಕಿ ಮರಾಠಿಯಲ್ಲಿ ತಕರಾರು ತೆಗೆದಳು. ಇಬ್ಬರಿಗೆ ಕೊಟ್ಟ ಖೋಲಿ, ಮೂವರು ಹೇಗೆ? ಕಸ್ತೂರಬಾಯಿ ಕನ್ನಡ, ಮರಾಠಿ ಕಲಸಿ ಮಾತಾಡುತ್ತಲೇ ಸ್ಟೋವು ಇಳಿಸಿ ಮೂಲೆ ಗುಡಿಸತೊಡಗಿದರು. ಮಾಲಕಿ ಗೊಣಗುತ್ತ ಕೆಳಗೆ ಹೋದಳು. ನಾನು ಶಾಂತಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಫೀ ಎಷ್ಟೆಂದು ಕೇಳಿಕೊಂಡಳು. ಕೊನೆಗೆ, "ಆ ಹುಡುಗಿ ಫೀ ಈ ಸಲ ನಾವಽ ತುಂಬೂಣು. ಹೊಲಾ ಯಾರ ಹೆಸರಿನಾಗರೆ ಇರ್ಲಿ" ಎಂದಳು.

ಮಧ್ಯಾಹ್ನ ವಿಜಯಪುರದ ಬಸ್ಸು ಹಿಡಿದೆ. ಬಸ್ಸು ಹುಡುಗಿಯರ ಗಲ್ಲಿಯ ಮೂಲೆ ದಾಟುವಾಗ ಕಿರಾಣಿ ಅಂಗಡಿಯ ಮುಂದೆ ಮೋಟರ್‌ಸೈಕಲ್ಲೊಂದು ನಿಂತಿತ್ತು. ಶಿವಶರಣಪ್ಪ ಕೆಳಗಿಳಿಯದೆ ಅಂಗಡಿಯವನನ್ನು ಏನೋ ಕೇಳುತ್ತಿದ್ದರು. ಮಗಳನ್ನು ಎಳೆದೊಯ್ಯಲು ಬಂದರೆ? ಸೀಟಿನಿಂದ ಎದ್ದು ನಿಂತೆ. ಕಂಡಕ್ಟರು ಕೂರಿ ಎಂದು ಗದರಿದ. ಬಸ್ಸು ವೇಗ ಹಿಡಿಯಿತು.

ಮಾಯಕ್ಕನಿಗೆ ಫೋನಿನ ಮೇಲೆ ಫೋನು ಮಾಡಿದೆ. ಎತ್ತಲಿಲ್ಲ. ಕೊನೆಗೆ ಝಳಕಿಯ ಹತ್ತಿರ ಅವಳೇ ಮಾಡಿದಳು.

"ಸುವರ್ಣಾನ ಅಪ್ಪಾರು ಬಂದಿದ್ರು ಮೇಡಂ. ಗಾಡಿ ಹಿಂದ ಜ್ವಾಳದ ಚೀಲ ಕಟಗೊಂಡು. ಒಳಗ ಬರ್ಲಿಲ್ಲ. ಸುವರ್ಣಾನ ಮಾರೀನೂ ನೋಡ್ಲಿಲ್ಲ. ಚೀಲ ಬಾಗಲಾಗ ಇಳಿಸಿ, ನಿಂತಽ ನೀರು ಕುಡದ್ರು."

"ಏನೂ ಹೇಳಲಿಲ್ಲವೆ?"

"ಹೇಳ್ಲಿಲ್ರಿ. ಒಂದಽ ಕೇಳಿದ್ರು. ನನ್ನ ಕಡಿ ನೋಡಿ ಕೇಳಿದ್ರು. ‘ಮೂರೂ ಮಂದಿಗಿ ಒಂದು ಚೀಲ ಸಾಲ್ತದೇನು?’ ಅಂತ."