ಡ್ರೋನಿನ ಕಣ್ಣು ಮುಚ್ಚಿಸಿದ ತಕ್ಕಡಿಯಮ್ಮ

ಡ್ರೋನ್ ಹಾರಿಸುವವರು ಈಗ ಬೀದಿಗೊಬ್ಬರು ಸಿಗುತ್ತಾರೆ. ಹಾರಿದ್ದನ್ನು ಗಂಟೆಗಟ್ಟಲೆ ಆಕಾಶದಲ್ಲೇ ಉಳಿಸಬಲ್ಲವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರಾಗಿ, ನಮ್ಮ ಸಂಶೋಧನಾಲಯದ ಡ್ರೋನ್ ವಿಭಾಗವನ್ನು ಕಟ್ಟಿ ಬೆಳೆಸಿ, ಇದೀಗ ನಿವೃತ್ತರಾಗುತ್ತಿರುವ ನಮ್ಮ ಮುಖ್ಯಸ್ಥೆಯವರ ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಗಿದೆ. ಎದುರಿಗೆ ಅವರು ಮೇಡಂ. ಬೆನ್ನ ಹಿಂದೆ ತಕ್ಕಡಿಯಮ್ಮ. ಈ ಹೆಸರು ಅವರಿಗೆ ಗೊತ್ತಿಲ್ಲವೆಂದು ನಾವೆಲ್ಲ ನಂಬಿದ್ದೆವು. ಅದು ನಮ್ಮ ದಡ್ಡತನ.

ನಾನು ಸೇರಿದಾಗ ವಿಭಾಗವೆಂದರೆ ತಗಡಿನ ಶೆಡ್ಡು, ಉದ್ದನೆಯ ಮೇಜು, ಅದರ ಮೇಲೊಂದು ಅಕ್ಕಸಾಲಿಗರ ತಕ್ಕಡಿ. ಡ್ರೋನಿಗೆ ಸೇರುವ ಪ್ರತಿ ತಿರುಪೂ ತಂತಿಯೂ ಆ ತಕ್ಕಡಿ ಹತ್ತಿ ಇಳಿಯಲೇಬೇಕಿತ್ತು. ಹೆಚ್ಚು ಹೊತ್ತು ಹಾರಬೇಕಾದರೆ ದೊಡ್ಡ ಬ್ಯಾಟರಿ ಹಾಕಿದರಾಯಿತು ಎಂದು ಹೊಸಬರೆಲ್ಲರಂತೆ ನಾನೂ ಬುದ್ಧಿವಂತಿಕೆ ತೋರಿದೆ. ಮೇಡಂ ಬೇಡವೆನ್ನಲಿಲ್ಲ, ಹಾಕಿಸಿದರು, ಹಾರಿಸಿದರು. ಬ್ಯಾಟರಿಯ ಶಕ್ತಿಯೆಲ್ಲ ಅದರ ಭಾರ ಹೊರುವುದಕ್ಕೇ ಸುರಿದುಹೋಗಿ, ಡ್ರೋನ್ ಮೊದಲಿಗಿಂತ ಬೇಗ ನೆಲ ಕಂಡಿತು. "ಗೊತ್ತಾಯ್ತಲ್ಲ, ಬಾ, ಚಹಾ ಕುಡಿಯೋಣ" ಎಂದರು, ಅಷ್ಟೇ. ರೆಕ್ಕೆಯ ಮೇಲೆ ಸಂಸ್ಥೆಯ ಲಾಂಛನ ಬರೆಸಬೇಕೆಂದ ನಿರ್ದೇಶಕರಿಗೂ "ಬಣ್ಣಾನೂ ತೂಗತ್ತೆ ಸರ್" ಎಂದು ಕಡ್ಡಿ ಮುರಿದಂತೆ ಹೇಳಿದವರು ಅವರು. ನನ್ನ ಮಗಳಿಗೆ ಜ್ವರ ಬಂದಾಗ ನನ್ನನ್ನು ಮನೆಗೆ ಅಟ್ಟಿ, ನನ್ನ ಪಾಲಿನ ಬೆಸುಗೆಯನ್ನು ತಾವೇ ಮುಗಿಸಿಟ್ಟರು. ಮರಳಿದ ಮೇಲೆ, ನಾನು ಎಳೆದಿದ್ದ ತಂತಿ ಬೆರಳುದ್ದ ಹೆಚ್ಚಾಗಿತ್ತೆಂದು ಬೈದರು. ಆ ಬೈಗುಳಕ್ಕೂ ಈಗ ಮನಸ್ಸು ಹಂಬಲಿಸುತ್ತದೆ.

ಆದರೆ ನನ್ನ ಮಟ್ಟಿಗೆ ಮೇಡಂ ಎಂದರೆ ಆ ಒಂದು ಸಂಜೆ. ಮೀನು ಹಿಡಿಯಲು ಕಡಲಿಗೆ ಹೋದ ನನ್ನ ತಮ್ಮನ ದೋಣಿಯ ಎಂಜಿನ್ ಕೆಟ್ಟು, ಅದು ಗಾಳಿ ಬೀಸಿದತ್ತ ತೇಲಿಹೋಗಿತ್ತು. ಅವನ ಕೈರೇಡಿಯೋದ ದನಿಯನ್ನು ಹಿಡಿದು ರಕ್ಷಣಾ ದೋಣಿಗೆ ದಾಟಿಸುತ್ತಿದ್ದುದು ಅವನನ್ನು ಹುಡುಕಲು ದಡದಿಂದ ಹಾರಿಸಿದ್ದ ನಮ್ಮ ಡ್ರೋನ್ ಮಾತ್ರ. ಎದುರುಗಾಳಿಗೆ ಬ್ಯಾಟರಿ ಕರಗುತ್ತಿತ್ತು. ರಕ್ಷಣಾ ದೋಣಿ ಇನ್ನೂ ದೂರವಿತ್ತು. ಡ್ರೋನ್ ಬಿದ್ದರೆ ಕತ್ತಲಲ್ಲಿ ತಮ್ಮನನ್ನು ಹುಡುಕುವ ದಾರಿಯೇ ಇರಲಿಲ್ಲ. ಅದು ತಿನ್ನುವ ಶಕ್ತಿಯಾದರೂ ಉಳಿಯಲೆಂದು ಮೇಡಂ ಕ್ಯಾಮೆರಾ ಬಂದ್ ಮಾಡಲು ಹೇಳಿದರು. ಪರದೆಯ ಮೇಲೆ ಅವನು ಅಲುಗುವ ಚುಕ್ಕೆಯಾಗಿ ಕಾಣುತ್ತಿದ್ದ. ನಾನು ಕ್ಯಾಮೆರಾದ ಗುಂಡಿಯ ಮೇಲೆ ಕೈ ಅಡ್ಡ ಇಟ್ಟೆ.

"ಬೇಡ ಮೇಡಂ, ಅವನು ಕಾಣ್ತಾ ಇರ್ಲಿ."

"ತಮ್ಮನ್ನ ನೋಡ್ತಾ ಕೂರ್ಬೇಕಾ, ತಮ್ಮ ಮನೆಗೆ ಬರ್ಬೇಕಾ? ಕೈ ತೆಗಿಯಮ್ಮ."

ತೆಗೆದೆ. ಪರದೆ ಕಪ್ಪಾಯಿತು. ಮೇಡಂ ಮೋಟಾರಿನ ವೇಗ ತಗ್ಗಿಸಿ, ಒಂದು ಕೈಯಲ್ಲಿ ಡ್ರೋನನ್ನು ಗಾಳಿಯ ಮೇಲೆ ತೇಲಿಸುತ್ತ, ಇನ್ನೊಂದನ್ನು ನನ್ನ ಭುಜದ ಮೇಲಿಟ್ಟವರು ತೆಗೆಯಲೇ ಇಲ್ಲ. ಕೊನೆಗೆ ರೇಡಿಯೋದಲ್ಲಿ ತಮ್ಮ ಕಿರುಚಿದ: "ಅಕ್ಕಾ, ಲೈಟ್ ಕಾಣ್ತಿದೆ, ಬಂದ್ರು!" ದಡಕ್ಕೆ ಮರಳುವಷ್ಟು ಶಕ್ತಿ ಉಳಿಯದೆ ಡ್ರೋನ್ ಸಮುದ್ರ ಸೇರಿತು. ವರ್ಷಗಟ್ಟಲೆ ತೂಗಿ ತೂಗಿ ಕಟ್ಟಿದ್ದು ಹೋಯಿತು. ಅದಕ್ಕೆ ಮೇಲಿನವರಿಗೆ ಉತ್ತರ ಕೊಟ್ಟವರೂ ಮೇಡಂ ಒಬ್ಬರೇ.

ಆಮೇಲೆ ತಮ್ಮ ಬಂದು ಕಾಣುತ್ತೇನೆಂದಾಗಲೆಲ್ಲ "ಕೆಲಸ ಮಾಡಿದ್ದಕ್ಕೆ ಸನ್ಮಾನ ಬೇರೆನಾ" ಎಂದು ಅವರು ಜಾರಿಕೊಂಡರು. ಇಂದಿನ ಈ ಬೀಳ್ಕೊಡುಗೆ ಸಭೆಯಲ್ಲಿ ಜಾರಿಕೊಳ್ಳಲಾಗದು. ಅವರಿಗೆ ನೂರ್ಕಾಲದ ಆಯುಸ್ಸೂ ಕೈತುಂಬ ಕೆಲಸವೂ ದೊರೆಯಲಿ. ಮೇಡಂ, ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತವನನ್ನು ಒಮ್ಮೆ ಕಣ್ತುಂಬ ನೋಡಿ. ತಾವು ಚುಕ್ಕೆಯಾಗಷ್ಟೇ ಕಂಡವನು ಅವನೇ.